ಸ್ವಾಗತಕ್ಕೆ ಕುಣಿಯದವರು

ದೊಡ್ಡಮ್ಮನವರ ಎದುರಿಗೆ ಯಾರೂ ‘ನೋಡೋಣ’ ಎಂದು ಹೇಳಿ ಪಾರಾಗುವಂತಿರಲಿಲ್ಲ. ದೊಡ್ಡ ಮೇಜಿನ ಹಿಂದೆ ಕೂತ ಅಧಿಕಾರಿಯಾಗಲಿ, ರಂಗಮಂದಿರದ ವ್ಯವಸ್ಥಾಪಕನಾಗಲಿ, ಸೌಜನ್ಯದ ಮುಗುಳ್ನಗೆಯೊಂದಿಗೆ ಆ ಮಾತನ್ನು ತೇಲಿಬಿಟ್ಟ ಮರುಕ್ಷಣವೇ ಅವರು ತಲೆಯನ್ನು ತುಸು ಓರೆಮಾಡಿ, ಅಷ್ಟೇ ಸೌಜನ್ಯದಿಂದ, “ಯಾವತ್ತು ನೋಡೋಣ?” ಎನ್ನುತ್ತಿದ್ದರು. ಹಾಲಿನವನನ್ನು ನಾಳೆ ಎಷ್ಟು ಹೊತ್ತಿಗೆ ಬರುತ್ತೀಯಪ್ಪಾ ಎಂದು ಕೇಳುವಷ್ಟು ಸಹಜವಾದ ಪ್ರಶ್ನೆ. ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳುತ್ತಿರಲಿಲ್ಲ. ಎದುರಿನವರು ಗಡಿಯಾರ ನೋಡಿದರೆ ಇವರೂ ಗಡಿಯಾರ ನೋಡುತ್ತಿದ್ದರು.

ಎತ್ತರದ ನಿಲುವು, ಒಣಕಲು ಮೈ. ನಾಲ್ಕು ಜನ ಹೆಗಲಿಗೆ ಹೆಗಲು ಕೊಟ್ಟು ನಡೆಯಬಹುದಾದ ಅಗಲದ ಫುಟ್‌ಪಾತಿನಲ್ಲೂ, ಎರಡೂ ಬದಿಗೆ ಮುಳ್ಳುಕಂಟಿ ಬೆಳೆದಿದೆಯೇನೋ ಎಂಬಂತೆ ಒಂದು ಹೆಜ್ಜೆಯ ನೇರಕ್ಕೆ ಇನ್ನೊಂದು ಹೆಜ್ಜೆಯನ್ನಿಟ್ಟು ನಡೆಯುತ್ತಿದ್ದರು. ಜೊತೆಗೆ ಹೊರಟವರು ತಮಗರಿವಿಲ್ಲದೆಯೇ ಹಿಂದೆ ಸಾಲುಗಟ್ಟುತ್ತಿದ್ದರು. ಅವರ ಬೆನ್ನಿನೊಂದಿಗೆ ಮಾತಾಡುವುದು ನನಗೆ ಅಭ್ಯಾಸವಾಗಿಹೋಗಿತ್ತು. ಆ ಬೆನ್ನಿನ ಮೇಲೆ ಸುಡುಬೇಸಿಗೆಯಲ್ಲೂ ಒಂದು ಕಡುನೀಲಿ ಕೋಟು. ಯಾವುದೋ ನಾಟಕದ ಸವೆದ ಪರದೆಯನ್ನು ಕತ್ತರಿಸಿ ಅವರೇ ಹೊಲಿದುಕೊಂಡದ್ದು. ಅದರ ಜೇಬುಗಳಲ್ಲಿ ಗುಂಡುಸೂಜಿ, ಸೀಮೆಸುಣ್ಣ, ಅಳತೆಪಟ್ಟಿ, ಪೆಪ್ಪರಮೆಂಟು, ಯಾರದೋ ಅಂಗಿಯಿಂದ ಕಳಚಿದ ಗುಂಡಿ. ಕೈಹಾಕಿದರೆ ಬೇಕಾದದ್ದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆಂದು ಮಕ್ಕಳು ನಗುತ್ತಿದ್ದರು.

ಮಕ್ಕಳೆಂದರೆ ಅವರ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಬೆಟ್ಟದ ಕಾಡುಗಳ ಬುಡಕಟ್ಟಿನ ಹಾಡಿಗಳಿಂದ ನಗರಕ್ಕೆ ಬಂದ ಹುಡುಗ ಹುಡುಗಿಯರು. ಈ ನಗರ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ನೆಲದಲ್ಲಿದ್ದ ಜನ. ನಗರದಲ್ಲಿ ಮಾತ್ರ ಅವರಿಗೆ ಹೊಸಬರ ಜಾಗ. ದೊಡ್ಡಮ್ಮನೂ ಅವರಲ್ಲೊಬ್ಬರು. ರಂಗಮಂದಿರದ ಉಡುಗೆಗಳ ವಿಭಾಗದಲ್ಲಿ ಆಯುಷ್ಯವೆಲ್ಲ ದುಡಿದು, ನಿವೃತ್ತಿಯ ನಂತರ ಒಂದು ಟೈರು ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಈ ಮಕ್ಕಳಿಗೆ ರಂಗಭೂಮಿಯ ಕಸುಬುಗಳನ್ನು ಕಲಿಸುವ ಶಾಲೆ ತೆರೆದಿದ್ದರು. ಬೆಳಕು, ಧ್ವನಿ, ಹೊಲಿಗೆ, ರಂಗಸಜ್ಜಿಕೆಯ ಮರಗೆಲಸ. ಕೆಳಗೆ ಟೈರಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಹೊಲಿಗೆಯಂತ್ರದ ಸದ್ದು. ಎರಡರ ನಡುವೆ ವಾರಕ್ಕೊಮ್ಮೆ ನನ್ನ ಉಚ್ಚಾರಣೆಯ ಪಾಠ. ಅವರ ತಂಗಿಯ ಮಗಳು ಅಲ್ಲೇ ಕಲಿಯುತ್ತಿದ್ದು ‘ದೊಡ್ಡಮ್ಮ’ ಎಂದು ಕರೆಯುತ್ತಿದ್ದುದರಿಂದ ಶಾಲೆಯೂ ಹಾಗೇ ಕರೆಯಿತು. ಕ್ರಮೇಣ ನಾನೂ, ಟೈರಿನ ಅಂಗಡಿಯವನೂ.

ಎಲ್ಲದರಲ್ಲೂ ಮೃದುವಾಗಿದ್ದ ಆ ಹೆಂಗಸು ಒಂದೇ ಒಂದು ವಿಷಯದಲ್ಲಿ ಕಲ್ಲು. ಊರಿನಲ್ಲಿ ಯಾವ ಸಮಾರಂಭ ನಡೆದರೂ, ಗಣ್ಯರನ್ನು ಬಾಗಿಲಲ್ಲಿ ಎದುರುಗೊಳ್ಳಲು ನಿಮ್ಮ ಹುಡುಗಿಯರನ್ನು ಕಳಿಸಿ, ಎರಡು ಹೆಜ್ಜೆ ಕುಣಿದರೆ ಸಾಕು ಎಂದು ಕೋರಿಕೆ ಬರುತ್ತಿತ್ತು. “ಲೈಟು ಕಟ್ಟೋಕೆ ಕಳಿಸ್ತೀನಿ, ಮೈಕು ಕಟ್ಟೋಕೆ ಕಳಿಸ್ತೀನಿ. ಸ್ವಾಗತಕ್ಕೆ ಮಾತ್ರ ಕುಣಿಯಲ್ಲ” ಎಂದು ಫೋನು ಇಡುತ್ತಿದ್ದರು. ಇದರ ಹಿಂದಿನ ಕಥೆಯನ್ನು ಅವರು ನನಗೆ ಒಮ್ಮೆ, ಇಸ್ತ್ರಿ ಹಾಕುತ್ತಾ, ಬೇರೆ ಯಾರದೋ ಬದುಕೆಂಬಂತೆ ಹೇಳಿದ್ದರು. ಹದಿಹರೆಯದಲ್ಲಿ ಅವರನ್ನೂ ಓರಗೆಯವರನ್ನೂ ಒಂದು ವಸ್ತುಪ್ರದರ್ಶನಕ್ಕೆ ಕರೆತಂದಿದ್ದರಂತೆ. ಹಾಡಿಯಲ್ಲಿ ಯಾರೂ ಎಂದೂ ಉಡದ ಎಲೆಯುಡುಗೆಯನ್ನು ನಗರದ ದರ್ಜಿಯೊಬ್ಬ ಹಸಿರು ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದನಂತೆ. ಮುಖಕ್ಕೆ ಸುಣ್ಣದ ಚುಕ್ಕಿ ಇಟ್ಟು, ಬಂದವರ ಮುಂದೆಲ್ಲ ಕುಣಿಸಿದರು. “ಹೊಲಿಗೆ ಕೂಡ ಸರಿ ಇರಲಿಲ್ಲ ಮೇಷ್ಟ್ರೇ, ಪಕ್ಕೆಯಲ್ಲಿ ಬಿಟ್ಕೊಳ್ತಿತ್ತು” ಎಂದು ನಕ್ಕರು. ಆ ನಗುವಿನೊಳಗೆ ಕುದಿಯುತ್ತಿದ್ದುದೇನೆಂದು ಅರ್ಥವಾಗಲು ನಾನು ಜಾಣನಾಗಿರಬೇಕಿರಲಿಲ್ಲ. ಆ ಬಿಚ್ಚಿಕೊಂಡ ಪಕ್ಕೆಯನ್ನು ಕುಳಿತಲ್ಲೇ ಹೊಲಿದುಕೊಂಡದ್ದನ್ನು ಕಂಡು ರಂಗಮಂದಿರದವರೊಬ್ಬರು ಕೆಲಸ ಕೊಟ್ಟರು. ಅಂದಿನಿಂದ ಅವರು ಕುಣಿದದ್ದಿಲ್ಲ.

ತಂಗಿಯ ಮಗಳ ಕೈಯಲ್ಲಿ ಕತ್ತರಿ ನೀರಿನಂತೆ ಹರಿಯುತ್ತಿತ್ತು. ಈ ಶಾಲೆ, ಈ ಮೇಜು, ಕೊನೆಗೊಂದು ದಿನ ರಂಗಮಂದಿರದ ಅದೇ ಹುದ್ದೆ ಅವಳಿಗೇ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದರು. ಒಂದು ಸಂಜೆ ನಾವು ಮೂವರೂ ಚಹಾ ಕುಡಿಯುತ್ತಿದ್ದಾಗ ಹುಡುಗಿ ಲೋಟ ಕೆಳಗಿಟ್ಟು ಹೇಳಿದಳು: “ದೊಡ್ಡಮ್ಮ, ನಾನು ನೃತ್ಯ ತಂಡಕ್ಕೆ ಸೇರ್ತೀನಿ. ಅವರ ಆಯ್ಕೆ ಪರೀಕ್ಷೆಗೆ ಹೆಸರು ಕೊಟ್ಟಿದೀನಿ.”

ದೊಡ್ಡಮ್ಮನೂ ಲೋಟ ಕೆಳಗಿಟ್ಟರು.

“ಯಾರ ಮುಂದೆ ಕುಣೀತೀಯ?”

“ಟಿಕೆಟ್ ತಗೊಂಡು ಬಂದು, ಕತ್ತಲಲ್ಲಿ ಸುಮ್ನೆ ಕೂತು ನೋಡೋರ ಮುಂದೆ.”

ಆಮೇಲಿನ ದಿನಗಳು ನನ್ನ ಪಾಲಿಗೆ ಕಷ್ಟದವು. ಪಾಠವಿಲ್ಲದ ಸಂಜೆಗಳಲ್ಲೂ ಅಲ್ಲಿಗೆ ಹೋಗತೊಡಗಿ, ಒಂದೇ ಕೋಣೆಯಲ್ಲಿ ಕೂತ ಇಬ್ಬರಿಗೂ ನಾನು ಅಂಚೆಯವನಾದೆ. ಅವಳಿಗೆ ಹೇಳಿ, ಊಟ ಮುಚ್ಚಿಟ್ಟಿದೀನಿ ಎಂದು ಇವರು. ದೊಡ್ಡಮ್ಮನಿಗೆ ಹೇಳಿ, ಆಮೇಲೆ ತಿಂತೀನಿ ಎಂದು ಅವಳು. ಊಟ ಮಾಡಿದ ಮೇಲೆ ಹುಡುಗಿ ಮೇಜುಗಳನ್ನು ಗೋಡೆಗೆ ಸರಿಸಿ ಅಭ್ಯಾಸ ಮಾಡುತ್ತಿದ್ದಳು. ದೊಡ್ಡಮ್ಮ ಅವಳಿಗೆ ಬೆನ್ನುಕೊಟ್ಟು, ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಕೋಪವಲ್ಲ ಅದು, ಭಯ. ತಾನು ಮೈಯೆಲ್ಲ ಅಡ್ಡ ಹಾಕಿ ಮುಚ್ಚಿಟ್ಟ ಬಾಗಿಲನ್ನು ತನ್ನ ಮನೆಯ ಮಗುವೇ ಒಳಗಿನಿಂದ ತೆರೆಯುತ್ತಿದೆ ಎಂಬ ಭಯ.

ಪರೀಕ್ಷೆಯ ದಿನ ನಾನು ಹುಡುಗಿಯ ಜೊತೆ ಹೋದೆ. ಅವಳು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕಾರಿಡಾರಿನ ತುದಿಯಲ್ಲಿ ದೊಡ್ಡಮ್ಮ ಕಾಣಿಸಿಕೊಂಡು, ಈ ದಾರಿಯಾಗಿ ಎಲ್ಲೋ ಹೊರಟಿದ್ದವರಂತೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. “ದಾರ ತರೋಕೆ ಬಂದಿದ್ದೆ” ಎಂದರು. ದಾರದ ಅಂಗಡಿ ಊರಿನ ಇನ್ನೊಂದು ದಿಕ್ಕಿನಲ್ಲಿತ್ತು.

ಮುಚ್ಚಿದ ಬಾಗಿಲಿನಾಚೆ ಸಂಗೀತವಿರಲಿಲ್ಲ; ಮರದ ನೆಲದ ಮೇಲೆ ಬರಿಗಾಲಿನ ಸದ್ದು ಮಾತ್ರ. ಭಾರವಾಗಿ ಊರಿ, ತಡೆದು, ಜಾರಿ, ಮತ್ತೆ ಊರುವ ಹೆಜ್ಜೆ. ದೊಡ್ಡಮ್ಮ ಕಣ್ಣುಮುಚ್ಚಿ ಕೇಳಿದರು. ಬೆನ್ನಿಗೆ ಹೊರೆ ಕಟ್ಟಿಕೊಂಡು ಮಳೆಯಲ್ಲಿ ಇಳಿಜಾರು ಇಳಿಯುವ ಹೆಂಗಸಿನ ನಡಿಗೆ ಅದು ಎಂದು ನನಗೆ ಹೇಳಿದರು. “ನಮ್ಮಮ್ಮ ಹೀಗೇ ಇಳೀತಿದ್ಲು. ಇವಳಿಗೆ ಯಾರು ಹೇಳಿಕೊಟ್ಟರೋ” ಎನ್ನುವಾಗ ಅವರ ದನಿ ಸಣ್ಣದಾಗಿತ್ತು.

ಸದ್ದು ನಿಂತಿತು. ಒಳಗೆ ಒಬ್ಬ ಗಂಡಸಿನ ದನಿ, ಚೆನ್ನಾಗಿದೆಯಮ್ಮಾ, ಈಗ ನಿಮ್ಮ ಜನರ ಕುಣಿತ ಒಂದು ತೋರಿಸು, ಆ ಎಲೆಗಿಲೆ ಕಟ್ಟಿಕೊಂಡು ಮಾಡುತ್ತಾರಲ್ಲ ಅದು, ಎಂದು ಕೇಳಿತು. ದೊಡ್ಡಮ್ಮ ಎದ್ದು ನಿಂತರು. ಅವರ ಕೈ ಬಾಗಿಲಿನ ಹಿಡಿಯ ಮೇಲಿತ್ತು. ನಾನು ತಡೆಯಲಿಲ್ಲ, ತಡೆಯುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಹುಡುಗಿಯ ದನಿ ಕೇಳಿತು, ಏರದೆ, ನಡುಗದೆ:

“ಈಗ ಮಾಡಿದ್ದೇ ನಮ್ದು ಸಾರ್. ಬೇರೆ ಇಲ್ಲ.”

ಆಮೇಲೆ ನೃತ್ಯ ತಂಡದ ಮುಖ್ಯಸ್ಥೆ, ಆವರೆಗೂ ಮಾತಾಡದಿದ್ದ ಹಿರಿಯ ಹೆಂಗಸು, ಆ ಜಾರಿ ನಿಲ್ಲುವ ಹೆಜ್ಜೆಯನ್ನು ಇನ್ನೊಮ್ಮೆ ನಿಧಾನವಾಗಿ ಮಾಡುವಂತೆ ಕೇಳಿದರು. ಮರದ ನೆಲದ ಮೇಲೆ ಮತ್ತೆ ಅದೇ ಸದ್ದು; ತುಸು ಹೊತ್ತಿನಲ್ಲಿ ಅದರ ಹಿಂದೆಯೇ ಇನ್ನೊಂದು ಜೊತೆ ಕಾಲಿನ ತಡವರಿಸುವ ಸದ್ದು. ಮುಖ್ಯಸ್ಥೆ ಎದ್ದು ಬಂದು ಕಲಿಯುತ್ತಿದ್ದರು. ಕೊನೆಗೆ ಏದುಸಿರಿನ ನಡುವೆ ಅವರೆಂದದ್ದು: “ಸೋಮವಾರದಿಂದ ಬಾ.”

ದೊಡ್ಡಮ್ಮ ಹಿಡಿಯಿಂದ ಕೈ ತೆಗೆದರು. ಮೆಲ್ಲಗೆ ಹಿಂದೆ ಬಂದು ಬೆಂಚಿನ ಮೇಲೆ ಕೂತರು, ಗೋಡೆಗೆ ತಲೆ ಆನಿಸಿದರು, ಒಂದು ದೀರ್ಘ ಉಸಿರು ಬಿಟ್ಟರು. ಏನಾದರೂ ಹೇಳಬಹುದೆಂದು ಕಾದೆ. ಅವರು ನಿದ್ದೆ ಹೋಗಿದ್ದರು. ಹುಡುಗಿ ಬೆವರೊರೆಸಿಕೊಳ್ಳುತ್ತಾ ಹೊರಗೆ ಬಂದಾಗ ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ ಆ ಮುಖದಲ್ಲಿ ನಾನು ಹಿಂದೆಂದೂ ಕಾಣದ ನಿರಾಳವಿತ್ತು. ಎಬ್ಬಿಸಲು ಹೋದ ನನ್ನನ್ನು ಹುಡುಗಿ ತಡೆದಳು. “ಮಲಗ್ಲಿ ಬಿಡಿ ಮೇಷ್ಟ್ರೇ, ಹದಿನೈದು ದಿನದಿಂದ ಸರಿಯಾಗಿ ಮಲಗಿಲ್ಲ” ಎಂದು ಪಿಸುಗುಟ್ಟಿ ಪಕ್ಕದಲ್ಲಿ ಕೂತಳು. ಜಾರುತ್ತಿದ್ದ ಆ ತಲೆಗೆ ಹೆಗಲು ಕೊಟ್ಟಳು.

ತಾವು ಪಟ್ಟ ಅಪಮಾನವನ್ನು ಮುಂದಿನವರಿಗೆ ತಾಗಗೊಡದೆ ಅಡ್ಡನಿಂತು ಬದುಕು ಸವೆಸುವ ಜನ ಎಲ್ಲ ಕಡೆಯೂ ಇದ್ದಾರೆ. ಅವರ ನಿಷೇಧಗಳನ್ನು ನಾವು ಹಠವೆಂದುಕೊಂಡು ನಗುತ್ತೇವೆ. ನಿಂತು ನಿಂತು ಅವರ ಕಾಲು ಸೋತದ್ದನ್ನು ಕಾಣುವುದಿಲ್ಲ. ಹೊಗಳಿಕೆಯಾಗಲಿ ಸನ್ಮಾನವಾಗಲಿ ಅವರ ದಣಿವನ್ನು ಕಳೆಯಲಾರದು. ತಾವು ಕಾಯುತ್ತಿದ್ದ ಜೀವ ತನ್ನ ಬಾಯಿಯಿಂದ ತನ್ನ ಮಾತನ್ನು ಆಡಿದ್ದನ್ನು ಬಾಗಿಲಿನಾಚೆಯಿಂದಲಾದರೂ ಒಮ್ಮೆ ಕೇಳಿಸಿಕೊಂಡರೆ ಸಾಕು. ಅಂಥವರಿಗೆ ಹಾಡುಹಗಲಿನಲ್ಲೂ, ಗಟ್ಟಿ ಬೆಂಚಿನ ಮೇಲೂ, ಒಳ್ಳೆಯ ನಿದ್ದೆ ಬರುತ್ತದೆ.