ಕೈ ಎತ್ತುವಷ್ಟು ಎತ್ತರ

ಹೋದ ವರ್ಷ ಹಡಗಲಿ ಕಡೆಯ ಒಂದು ಕಬ್ಬಿನ ಗದ್ದೆಯ ಬದುವಿನಲ್ಲಿ ಸುಜಾತಾ ಸೀರೆ ಉಡುತ್ತಿದ್ದಾಗ ಗದ್ದೆಯವರ ಮಗ ಫೋನಿನಲ್ಲಿ ವಿಡಿಯೊ ಮಾಡಿದ. ಸಂಜೆಯೊಳಗೆ ಅದು ಆ ಊರಿನ ಹುಡುಗರ ಫೋನುಗಳಲ್ಲೆಲ್ಲ ಇತ್ತು. ಕಬ್ಬು ಕಡಿಯಲು ಜನರನ್ನು ಕರೆದೊಯ್ದಿದ್ದ ಮೇಸ್ತ್ರಿ ಮಂಜಣ್ಣ, “ಗುಡಿಸಲದಾಗ ಉಟ್ಕೋಬೇಕಿತ್ತವ್ವ” ಎಂದ.

ಆ ಗುಡಿಸಲು ಹೀಗಿತ್ತು: ಬಗ್ಗಿಸಿ ನೆಟ್ಟ ಬಿದಿರು ದಬ್ಬೆಗಳು, ಮೇಲೆ ಮೇಸ್ತ್ರಿ ಕೊಟ್ಟ ಪ್ಲಾಸ್ಟಿಕ್ ಹಾಳೆ. ಹಾಳೆ ಸಾಲುವಷ್ಟೇ ಎತ್ತರ. ಎಂದರೆ ನಿಂತವರ ಎದೆಮಟ್ಟ. ಒಳಗೆ ತೆವಳಿ ಹೋಗಬಹುದು, ಕೂರಬಹುದು, ಮಲಗಬಹುದು. ಸೀರೆಯನ್ನು ಕೂತು ಉಡಲು ಬರುವುದಿಲ್ಲ. ಈ ಮಾತನ್ನು ನಂಬದ ಗಂಡಸರು ಒಮ್ಮೆ ಉಟ್ಟು ನೋಡಬಹುದು.

ಈ ವರ್ಷ ಮತ್ತೆ ಕಬ್ಬಿನ ಹಂಗಾಮಿಗೆ ಹೊರಡುವ ಮಾತು ಬಂದಾಗ, ಗುಡೇಕೋಟೆಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಸುಜಾತಾ ಗಂಡನಿಗೆ ಹೇಳಿದಳು:

“ಈ ಸಲ ಪ್ರಿಯಾನೂ ಬರ್ತಾಳ. ಆಕಿನ್ನ ಬದುವಿನ್ಯಾಗ ನಿಲ್ಸಂಗಿಲ್ಲ ನಾನು. ಗಾಲಿ ಮ್ಯಾಲಿಂದು ಒಂದು ಮನಿ ನೋಡೋಣ ನಡೀರಿ. ನಿಂತು ಸೀರಿ ಉಡೋವಂಥದು.”

ಪ್ರಿಯಾ ಅವರ ಮಗಳು. ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿದ್ದಳು. ಗಂಡ ಮೌನೇಶನ ಹತ್ತಿರ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು, ಗದ್ದೆಯೊಳಗಿಂದ ರಸ್ತೆಯವರೆಗೆ ಕಬ್ಬು ಎಳೆಯುವಂಥದ್ದು. ಊರಿನವರು ಅದನ್ನು ಟ್ರ್ಯಾಕ್ಟರಿನ ಮರಿ ಎನ್ನುತ್ತಿದ್ದರು.

“ಮರಿ ಎಷ್ಟಂತ ಎಳದೀತು?” ಎಂದ ಮೌನೇಶ.

“ಅದನ್ನ ನೋಡಾಕ ಹೋಗೋಣ ಅಂತೀನಿ.”

ಅತ್ತೆ ಅಂಜಿನಕ್ಕ ಎಲೆಯಡಿಕೆ ಮೆಲ್ಲುತ್ತ ನಡುವೆ ಬಾಯಿ ಹಾಕಿದಳು. “ನಿನ್ನ ಗಂಡ ಹುಟ್ಟೋಕಿಂತ ಮೊದ್ಲಿಂದ ಕಬ್ಬು ಕಡದೀನಿ. ಬಗ್ಗಿ ಹೋಗೋದು, ಬಗ್ಗಿ ಬರೋದು. ಏನು ಕಮ್ಮಿ ಆಗೇತಿ ನನಗ?”

ಹಾಗೆಂದವಳು ಮರುದಿನ ಎಲ್ಲರಿಗಿಂತ ಮೊದಲೇ ಟ್ರ್ಯಾಕ್ಟರಿನ ಬದಿಗೆ ಬಂದು ನಿಂತಿದ್ದಳು. ನೋಡೋದಕ್ಕೇನು ತೆರಿಗೆ ಇಲ್ಲವಲ್ಲ ಎಂದಳು. ಪ್ರಿಯಾ ಮೇಕೆಗಳ ಜೊತೆ ಉಳಿದಳು.

ಮೊದಲು ನೋಡಿದ್ದು ಕೊಟ್ಟೂರಿನಲ್ಲಿ. ಕುರಿ ವ್ಯಾಪಾರಿ ಹಾಲೇಶಪ್ಪ ಕುರಿ ಸಾಗಿಸುತ್ತಿದ್ದ ತಗಡಿನ ಟ್ರೇಲರನ್ನು ತೊಳೆದು, ಹಿಂದೆ ಒಂದು ಬಾಗಿಲು ಕೊಯ್ದು ಮಾರಾಟಕ್ಕೆ ಇಟ್ಟಿದ್ದ. ತೊಳೆದರೂ ಕುರಿಯ ವಾಸನೆ ಹೋಗಿರಲಿಲ್ಲ. ಮೌನೇಶ ಒಳಗೆ ನುಗ್ಗಿದವನೇ ಚಕ್ಕಳಮಕ್ಕಳ ಹಾಕಿ ಕೂತ. ಕಾಲು ಚಾಚಿದ. ಗೋಡೆ ತಟ್ಟಿದ. ಅಂಜಿನಕ್ಕನೂ ಮಗನ ಪಕ್ಕ ಕೂತು ಬೆನ್ನು ಆನಿಸಿ ನೋಡಿದಳು.

“ಆರಾಮ ಐತಿ,” ಎಂದ ಮೌನೇಶ.

“ಹೂಂ, ಐತಿ,” ಎಂದಳು ತಾಯಿ.

ಸುಜಾತಾ ಒಳಗೆ ಹೋಗಿ ಎದ್ದು ನಿಂತಳು. ತಲೆ ತಗಡಿಗೆ ಬಡಿದು ಡಣ್ ಎಂದಿತು.

ಹಾಲೇಶಪ್ಪ ನಕ್ಕ. “ಒಳಗ ನಿಂತು ಏನು ಭಾಷಣ ಮಾಡಾಕಿದ್ದೀಯವ್ವ? ನಿಂದ್ರಾಕ ದೇವ್ರು ಹೊರಗ ಬೇಕಾದಷ್ಟು ಜಾಗ ಕೊಟ್ಟಾನ.”

“ಹೊರಗ ನಿಂತು ಸಾಕಾಗೇತ್ರಿ.”

ಮೌನೇಶನಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ಹಗುರ ಇದೆ, ಮರಿ ಇದನ್ನು ಕಟ್ಟಿಕೊಂಡು ಓಡುತ್ತದೆ ಎಂದು ದಾರಿಯುದ್ದಕ್ಕೂ ಹೇಳಿದ. ಸುಜಾತಾ ಮಡ್‌ಗಾರ್ಡ್ ಮೇಲೆ ಕೂತು ಕೇಳಿಸಿಕೊಂಡಳು.

“ನೀವು ತಾಯಿ ಮಗ ಇಬ್ರೂ ಕುಂತು ನೋಡಿದ್ರಿ,” ಎಂದಳು ಕೊನೆಗೆ. “ಕುಂತು ನೋಡಿದ್ರ ಕುರಿ ಡಬ್ಬಿನೂ ಅರಮನೀನ.”

ಅದು ನಿಜವಾಗಿತ್ತು. ಕಬ್ಬು ಕಡಿಯುವವರು ಗುಡಿಸಲು ಕಟ್ಟಿದಾಗಲೆಲ್ಲ ಒಳಗೆ ಹೋಗಿ ಕೂತು, ತಲೆ ತಾಗದಿದ್ದರೆ ಸರಿ ಎಂದು ಹೊರಬರುತ್ತಾರೆ. ಅವರಪ್ಪಂದಿರು ಹಾಗೆ ಮಾಡಿದ್ದರು. ಕೂಲಿಯವರ ಅಳತೆ ಕೂತ ಅಳತೆ ಎಂದು ಯಾರೋ ಯಾವಾಗಲೋ ನಿಶ್ಚಯಿಸಿದ್ದರು. ಅದನ್ನು ನಿಶ್ಚಯಿಸಿದವರ ಮನೆಯ ಚಾವಣಿಗೆ ಫ್ಯಾನು ತೂಗುತ್ತಿತ್ತು.

ಎರಡನೆಯದು ಹಗರಿಬೊಮ್ಮನಹಳ್ಳಿಯ ಹೊರಗೆ. ರಸ್ತೆ ಮಾಡುವ ಗುತ್ತಿಗೆದಾರನೊಬ್ಬ ತನ್ನ ಇಂಜಿನಿಯರುಗಳಿಗಾಗಿ ಮಾಡಿಸಿದ್ದ ಗಾಲಿ ಕ್ಯಾಬಿನ್ನು. ರಸ್ತೆ ಮುಗಿದಿತ್ತು, ಕ್ಯಾಬಿನ್ನು ಉಳಿದಿತ್ತು. ಕಾವಲಿನವನು ಬೀಗ ತೆಗೆದ. ಕಿಟಕಿ, ಗೋಡೆಗೊಂದು ಹಲಗೆ, ಕನ್ನಡಿ ಸಿಗಿಸಲು ಮೊಳೆ. ಚಾವಣಿ ಎಷ್ಟು ಮೇಲಿತ್ತೆಂದರೆ ಸುಜಾತಾ ಮೊದಲು ಅದನ್ನೇ ನೋಡುತ್ತ ನಿಂತುಬಿಟ್ಟಳು.

ಅಂಜಿನಕ್ಕ ಅವಳ ಹಿಂದೆಯೇ ಬಗ್ಗಿ ಒಳಗೆ ಬಂದಳು. ಬಗ್ಗಿದವಳು ಬಗ್ಗಿಯೇ ಇದ್ದಳು.

“ಅತ್ತಿ, ನೆಟ್ಟಗ ನಿಂದ್ರರಿ. ತಾಗಂಗಿಲ್ಲ.”

ಅಂಜಿನಕ್ಕ ಒಂದು ಕೈಯನ್ನು ತಲೆಯ ಮೇಲೆ ಆಡಿಸಿದಳು. ಚಾವಣಿ ಸಿಗಲಿಲ್ಲ. ಇನ್ನಷ್ಟು ಮೇಲೆ ಆಡಿಸಿದಳು. “ಎಲ್ಲಿ ಹೋಗೇತಿ ಇದು?” ಎನ್ನುತ್ತ ಸೊಂಟದ ಮೇಲೆ ಇನ್ನೊಂದು ಕೈ ಇಟ್ಟು ಮೆಲ್ಲಗೆ ನೆಟ್ಟಗಾದಳು. ಆಮೇಲೆ ತನ್ನ ತುರುಬು ಬಿಚ್ಚಿ, ಎರಡೂ ಕೈ ಹಿಂದಕ್ಕೆ ಒಯ್ದು, ಮತ್ತೆ ಕಟ್ಟಿಕೊಂಡಳು.

ಸುಜಾತಾ ಅತ್ತೆಯ ಎತ್ತಿದ ಮೊಣಕೈಗಳನ್ನು ನೋಡಿದಳು. ತಾನೂ ಸೆರಗು ಇಳಿಸಿ, ಬಲಗೈಯಿಂದ ಬೀಸಿ ಹೆಗಲ ಮೇಲೆ ಹಾಕಿಕೊಂಡಳು. ಎಲ್ಲಿಯೂ ತಾಗಲಿಲ್ಲ. ಅವಳಿಗೆ ಒಂದು ವಿಷಯ ತಿಳಿಯಿತು: ತಲೆ ತಾಗದಿದ್ದರೆ ಸಾಲದು, ಕೈ ತಾಗಬಾರದು. ಕೊಟ್ಟೂರಿನದು ಇನ್ನೊಂದು ಗೇಣು ಎತ್ತರವಿದ್ದಿದ್ದರೆ ತಾನೂ ಮೋಸ ಹೋಗುತ್ತಿದ್ದೆ ಅನ್ನಿಸಿತು.

ಮೌನೇಶ ಟ್ರ್ಯಾಕ್ಟರಿನ ಹಿಂದೆ ಕ್ಯಾಬಿನ್ನು ಸಿಗಿಸಿದ. ಸಮ ನೆಲದಲ್ಲಿ ಅದು ಮುನಿಸಿಕೊಂಡ ಎಮ್ಮೆಯಂತೆ ಒಲ್ಲದ ಮನಸ್ಸಿನಿಂದ ಹೊರಟಿತು. ರಸ್ತೆಗೆ ಹತ್ತುವ ಏರಿನಲ್ಲಿ ಮರಿಯ ಮುಂದಿನ ಗಾಲಿಗಳೆರಡೂ ನೆಲ ಬಿಟ್ಟು ಎದ್ದವು. ಮೌನೇಶ ಸ್ಟೇರಿಂಗ್ ತಿರುಗಿಸಿದ. ಗಾಲಿಗಳು ಗಾಳಿಯಲ್ಲಿ ತಿರುಗಿದವು.

“ಇದಕ್ಕ ಆನಿ ಕಟ್ಟಬೇಕು,” ಎಂದ ಕಾವಲಿನವನು, ಗಾಲಿಗೆ ಕಲ್ಲು ಕೊಡುತ್ತ.

ಸುಜಾತಾ ಕ್ಯಾಬಿನ್ನಿನ ಸುತ್ತ ನಡೆದು ಗೋಡೆಗೆ ಗುದ್ದಿ ಗುದ್ದಿ ನೋಡಿದಳು. ಸದ್ದೇ ಬರುತ್ತಿರಲಿಲ್ಲ. “ಗ್ವಾಡಿಗಿ ಇಷ್ಟು ದಪ್ಪ ಕಬ್ಬಿಣ ಯಾಕ್ರಿ?”

“ಕಳ್ಳರು ಬರಬಾರ್ದಂತ.”

“ನಮ್ಮಲ್ಲಿ ಕದ್ದಾವ ದೂರ ನಿಂತು ಕದ್ದ. ಒಂದು ಅರಿವಿ ಅಡ್ಡ ಇದ್ದಿದ್ರೂ ಸಾಕಿತ್ತು.”

ಕಾವಲಿನವನಿಗೆ ಅರ್ಥವಾಗಲಿಲ್ಲ. ಮೌನೇಶ ಹುಕ್ಕು ಬಿಚ್ಚುವ ನೆವದಲ್ಲಿ ಮುಖ ತಿರುಗಿಸಿಕೊಂಡ.

ಹರಪನಹಳ್ಳಿಗೆ ಹೋಗುವ ಹೊತ್ತಿಗೆ ಮೌನೇಶ ಸೋತಿದ್ದ, ಸುಜಾತಾ ಸೋತಿರಲಿಲ್ಲ. ಮೆಕ್ಕೆಜೋಳದ ಕಾಲ. ಮಾರುಕಟ್ಟೆಯ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಅಲ್ಲಿ ಕೊಟ್ರಸ್ವಾಮಿ ಎಂಬವರ ವೆಲ್ಡಿಂಗ್ ಅಂಗಡಿ. ಒಕ್ಕುವ ಮಷಿನ್ನುಗಳಿಗೆ ಟ್ರೇಲರ್ ಮಾಡಿಕೊಡುವುದು ಅವರ ಕಸುಬು. ಅವರು ಸುಜಾತಾಳ ಮಾತನ್ನೆಲ್ಲ ಕೇಳಿ, ಕನ್ನಡಕ ಹಣೆಗೇರಿಸಿದರು.

“ನೋಡಮ್ಮ, ಎತ್ತರ ಬೇಕಂದ್ರೆ ತೂಕ ಬರ್ತೈತೆ. ಅಲ್ದೆ ಎತ್ತರದ್ದಕ್ಕೆ ರಸ್ತೇಲಿ ಗಾಳಿ ಬಡೀತೈತೆ. ತೂಕ ಬ್ಯಾಡಂದ್ರೆ ಬಗ್ಗಬೇಕು. ಎರಡರಾಗೆ ಒಂದು ಹೇಳು, ನಾಳೇನೇ ಶುರು ಮಾಡ್ತೀನಿ.”

ಸುಜಾತಾಳ ಕಣ್ಣು ಅಂಗಳದಲ್ಲಿ ನಿಂತಿದ್ದ ಒಕ್ಕುವ ಮಷಿನ್ನಿನ ಮೇಲಿತ್ತು. ಹೊಲದಲ್ಲಿ ಅವಳು ಕಂಡಿದ್ದಾಗ ಅದರ ಕಾಳಿನ ಕೊಳವೆ ಆಕಾಶಕ್ಕೆ ಮುಖ ಮಾಡಿರುತ್ತಿತ್ತು. ಇಲ್ಲಿ ಮಡಚಿಕೊಂಡು ಬೆನ್ನಿನ ಮೇಲೆ ಮಲಗಿತ್ತು.

“ಅದು ಯಾಕ್ರಿ ಮಡಚೇತಿ?”

“ರಸ್ತೆ ಮೇಲೆ ಕರೆಂಟಿನ ತಂತಿಗೆ ತಾಗಬಾರದಲ್ಲ. ಹೊಲಕ್ಕೆ ಹೋದಮೇಲೆ ಎತ್ತಿ ಪಿನ್ನು ಹಾಕ್ತಾರೆ.”

“ಚಾವಣಿಗೂ ಹಂಗ ಪಿನ್ನು ಹಾಕಾಕ ಬರಂಗಿಲ್ಲೇನ್ರಿ?”

ಕೊಟ್ರಸ್ವಾಮಿ ಮೌನೇಶನ ಮುಖ ನೋಡಿದರು. ಮೌನೇಶ ಅಂಜಿನಕ್ಕನ ಮುಖ ನೋಡಿದ. ಅಂಜಿನಕ್ಕ ಕೊಳವೆಯನ್ನು ನೋಡುತ್ತಿದ್ದಳು.

“ಅಂದ್ರೆ ಮನೇನ ಮಡಚೋದು,” ಎಂದರು ಕೊಟ್ರಸ್ವಾಮಿ.

“ರಸ್ತಿ ಮ್ಯಾಲ ಮಡಚೋದು. ಗದ್ದಿ ಹತ್ರ ಬಿಚ್ಚೋದು. ಮ್ಯಾಲಿನ ಅರ್ಧ ಗ್ವಾಡಿ ಅರಿವಿದು ಇರ್ಲಿ.”

ಅವರು ಚಾಕ್‌ಪೀಸ್ ತೆಗೆದು ನೆಲದ ಮೇಲೆ ಗೀಚಿದರು. ಅಳಿಸಿದರು. ಪೈಪಿನೊಳಗೆ ಪೈಪು ಇಳಿಯಬೇಕು, ನಾಲ್ಕು ಮೂಲೆಗೆ ನಾಲ್ಕು. ಕೆಳಗಿನ ಅರ್ಧ ತೆಳು ತಗಡು, ಮೇಲಿನ ಅರ್ಧ ತಾಡಪತ್ರಿ ಬಟ್ಟೆ. ಚಹಾ ಬಂತು. ಅಂಗಡಿಯ ಮುಂದೆ ಹೋಗುತ್ತಿದ್ದವರು ನಿಂತು ಸಲಹೆ ಕೊಟ್ಟರು. ಒಬ್ಬ, ಮೇಲೊಂದು ಮಹಡಿಯನ್ನೂ ಹಾಕಿಸಿ ಎಂದ.

ವಾರದ ಮೇಲೆ ಅವರು ಮತ್ತೆ ಬಂದಾಗ ಟ್ರೇಲರ್ ನಿಂತಿತ್ತು. ಅದಕ್ಕಾಗಿ ಮನೆಯ ಮೇಕೆಗಳು ಅರ್ಧಕ್ಕರ್ಧ ಹೋಗಿದ್ದವು. ಕೊಟ್ರಸ್ವಾಮಿ ಒಂದು ಕಡೆ, ಮೌನೇಶ ಒಂದು ಕಡೆ ನಿಂತು ಚಾವಣಿ ಎತ್ತಿ ಪಿನ್ನು ಹಾಕಿ ತೋರಿಸಿದರು.

“ನೀವಲ್ಲ,” ಎಂದಳು ಸುಜಾತಾ. “ಇಳಿಸ್ರಿ. ನಾವು ಎತ್ತತೀವಿ.”

ಅವಳೂ ಅಂಜಿನಕ್ಕನೂ ಹೆಗಲು ಕೊಟ್ಟರು. ತಗಡಿನ ಚಾವಣಿ ಹೆಗಲಿನವರೆಗೆ ಬಂತು, ಅಲ್ಲಿಂದ ಮೇಲೇಳಲಿಲ್ಲ.

“ಎತ್ತಾಕೆ ಗಂಡ ಇದಾನಲ್ಲಮ್ಮ.”

“ಆತ ನಸುಕಿನ್ಯಾಗ ಗದ್ದಿಗೆ ಹೋಗಿರ್ತಾನ್ರಿ. ಸೀರಿ ಉಡೋರು ನಾವು.”

ಕೊಟ್ರಸ್ವಾಮಿ ಗೊಣಗುತ್ತಲೇ ತಗಡು ಕಳಚಿದರು. ಅದರ ಜಾಗಕ್ಕೆ ನೀಲಿ ಫೈಬರ್ ಶೀಟು ಬಂತು. ಈ ಸಲ ಅತ್ತೆ ಸೊಸೆ ಒಂದೊಂದೇ ಬದಿ ಎತ್ತಿದರು. ಪಿನ್ನುಗಳು ತೂತಿನಲ್ಲಿ ಕೂತವು. ಸುಜಾತಾ ಒಳಗೆ ಹೋಗಿ ಸೆರಗು ಬೀಸಿ ನೋಡಿ ಬಂದಳು. ಮೌನೇಶನೂ ಒಳಗೆ ಹೋದ. ಈ ಸಲ ಕೂರಲಿಲ್ಲ.

ತೂಕ ನೋಡಲು ಮೆಕ್ಕೆಜೋಳದ ಲಾರಿಗಳ ಹಿಂದೆ ವೇಬ್ರಿಡ್ಜಿಗೆ ಹೋದರು. ಸರದಿ ಬಂದಾಗ ತೂಗುವವನು ಕಿಟಕಿಯಿಂದ ತಲೆ ಹಾಕಿ, “ಮಾಲು ಎಲ್ಲೈತೆ?” ಎಂದ.

ತಾಡಪತ್ರಿ ಸರಿಸಿ ಅಂಜಿನಕ್ಕ ಮುಖ ತೋರಿಸಿದಳು. “ನಾನ ಮಾಲು. ತೂಗಪ್ಪ.”

ಮರಿ ದಿನಾ ಎಳೆಯುವ ಕಬ್ಬಿನ ಅರ್ಧದಷ್ಟೂ ತೂಕ ಬರಲಿಲ್ಲ. ಏರಿನಲ್ಲಿ ಮುಂದಿನ ಗಾಲಿಗಳು ನೆಲ ಬಿಡಲಿಲ್ಲ. ಮೌನೇಶ ಊರಿನವರೆಗೆ ಸಿಳ್ಳೆ ಹಾಕುತ್ತ ಓಡಿಸಿದ.

ಹಡಗಲಿ ಕಡೆಯ ಹೊಳೆದಂಡೆಯಲ್ಲಿ ಗುಡಿಸಲುಗಳು ಹೋದ ವರ್ಷದಂತೆಯೇ ಸಾಲಾಗಿ ಬಗ್ಗಿ ಕೂತಿದ್ದವು. ಕೊನೆಯಲ್ಲಿ ನೀಲಿ ಚಾವಣಿ ಎದ್ದಿತು. ಮೊದಲ ಬೆಳಿಗ್ಗೆ ಪ್ರಿಯಾ ಒಳಗೆ ನಿಂತು ಬಟ್ಟೆ ಬದಲಿಸಿ, ತಲೆ ಬಾಚಿಕೊಂಡು ಹೊರಬಂದಳು. ಅಷ್ಟೇ. ಮರುದಿನ ಪಕ್ಕದ ಗುಡಿಸಲಿನ ಬಸುರಿ ಕೊಟ್ರಮ್ಮ ಕಂಕುಳಲ್ಲಿ ಸೀರೆ ಇಟ್ಟುಕೊಂಡು ಬಂದು, “ಅಕ್ಕಾ, ಒಂದೀಟು ಹೋಗಿ ಬರ್ಲೇನು?” ಎಂದಳು. ಅದರ ಮರುದಿನ ಬೆಳಕು ಹರಿಯುವಾಗ ಟ್ರೇಲರಿನ ಬಾಗಿಲಲ್ಲಿ ಸೀರೆ ಹಿಡಿದ ಹೆಂಗಸರ ಸಾಲು ನಿಂತಿತ್ತು.

ಮೇಸ್ತ್ರಿ ಮಂಜಣ್ಣ ಬೈಕಿನಲ್ಲಿ ಬಂದ. ಸಾಲನ್ನು ನೋಡಿದ, ಚಾವಣಿಯನ್ನು ನೋಡಿದ. ಕುಡುಗೋಲು ಮಸೆದುಕೊಂಡು ಹೋಗಲು ಗದ್ದೆಯಿಂದ ಮರಳಿದ್ದ ಮೌನೇಶನನ್ನೂ ನೋಡಿದ.

“ಏನಿದು, ರೇಷನ್ ಅಂಗಡಿ ತಗದೀರೇನು? ಕೆಲಸಕ್ಕ ತಡ ಆಗಾಕತ್ತೈತಿ. ಗದ್ದಿಯವ್ರು ಕೇಳಾಕತ್ತಾರ. ನಾಳಿ ಎಲ್ಲಾರೂ ನಿಂದ್ರೋ ಮನಿ ಬೇಕು ಅಂದ್ರ ನಾ ಎಲ್ಲಿಂದ ತರ್ಲಿ?”

“ಹರಪನಹಳ್ಳ್ಯಾಗ ಮಾಡಿ ಕೊಡ್ತಾರ್ರಿ,” ಎಂದಳು ಸುಜಾತಾ.

ಸಾಲಿನಲ್ಲಿ ನಗೆ ಎದ್ದಿತು.

“ನಗಬ್ಯಾಡ್ರಿ. ಮೌನೇಶಾ, ಆ ಪಿನ್ನು ತಗೀಲೇ. ಮಲಗಾಕ ಅಷ್ಟು ಎತ್ತರ ಯಾಕ ಬೇಕು? ಎಲ್ಲಾರ ಸಮಕ್ಕ ಇಳಿಸು.”

ಮೌನೇಶ ಹೆಬ್ಬೆರಳಿನಿಂದ ಕುಡುಗೋಲಿನ ಅಲಗು ನೋಡಿಕೊಂಡ. “ಎತ್ತಿದೋರು ಅವ್ರು, ಮಂಜಣ್ಣ. ಅವ್ರನ್ನ ಕೇಳು.”

ಮಂಜಣ್ಣ ಬೈಕಿನಿಂದ ಇಳಿದು ಸುಜಾತಾಳ ಮುಂದೆ ಬಂದು ನಿಂತ. “ಇಳಿಸವ್ವ.”

“ಒಳಗ ನಮ್ಮತ್ತಿ ಸೀರಿ ಉಡಾಕತ್ತಾಳ್ರಿ.”

“ಆಕಿ ಉಟ್ಟ ಮ್ಯಾಲ ಇಳಿಸು.”

“ಆಕಿ ಆದಮ್ಯಾಲ ಕೊಟ್ರಮ್ಮ. ಕೊಟ್ರಮ್ಮ ಆದಮ್ಯಾಲ ಇವ್ರೆಲ್ಲ.”

“ಆತು. ಎಲ್ಲಾರದೂ ಆದಮ್ಯಾಲ ಇಳಿಸ್ತೀಯಲ್ಲ?”

ತಾಡಪತ್ರಿಯ ಹಿಂದೆ ಅಂಜಿನಕ್ಕನ ಕೈ ಮೇಲೆದ್ದು ಸೆರಗು ಬೀಸಿದ ನೆರಳು ಕಂಡಿತು.

“ಆದಮ್ಯಾಲೂ ಇಳಿಸಂಗಿಲ್ರಿ,” ಎಂದಳು ಸುಜಾತಾ.