ಭೀಮಣ್ಣನ ಪ್ಯಾಂಟು ಸಡಿಲಾದದ್ದು

ಸ್ಯಾಂಡ್‌ವಿಚ್ ಅಂದರೆ ಪಥ್ಯದ ಊಟ ಎಂದು ಧರ್ಮರಾಜ ಬಿರಾದಾರ ಬಹಳ ವರ್ಷ ನಂಬಿದ್ದ. ಬ್ರೆಡ್ಡಿನ ನಡುವೆ ನಾಲ್ಕು ಚೂರು ಸೌತೆಕಾಯಿ ಕಂಡರೆ ಸಾಕು, ಜೊತೆಗಿದ್ದ ಬೆಣ್ಣೆ, ಆಲೂಗಡ್ಡೆ, ಚೀಸು, ಸೇವು ಯಾವುದೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ ಗುಮಾಸ್ತ. ಗೇಟಿನ ಹೊರಗೆ ಗಾಡಿ ನಿಲ್ಲಿಸುತ್ತಿದ್ದ ಬಾಳುವಿನ ಹತ್ತಿರ ದಿನಾ ಮಧ್ಯಾಹ್ನ ಮೂರು ಸ್ಯಾಂಡ್‌ವಿಚ್ ತಿಂದು, "ಹಗರ ಊಟ ಆತು" ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದ.

2003ರ ಬೇಸಗೆಯಲ್ಲಿ ಕಾರ್ಖಾನೆಗೆ ಡಾಕ್ಟರೊಬ್ಬರು ತಪಾಸಣೆಗೆ ಬಂದರು. ತೂಕದ ಮುಳ್ಳು ತೊಂಬತ್ತಾರಕ್ಕೆ ಹೋಗಿ ನಿಂತಿತು. ಮಧ್ಯಾಹ್ನ ಏನು ತಿನ್ನುತ್ತೀರಿ ಎಂದು ಅವರು ಕೇಳಿದಾಗ ಧರ್ಮರಾಜ ಹೆಮ್ಮೆಯಿಂದಲೇ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು, ಬೆಣ್ಣೆ ಎಷ್ಟು ಹಚ್ಚುತ್ತಾರೆ ಎಂದು ವಿಚಾರಿಸಿದರು. ಧರ್ಮರಾಜ ಹೆಬ್ಬೆರಳಿನ ದಪ್ಪ ತೋರಿಸಿದ. ಅವರು ಮತ್ತೆ ಪೆನ್ನು ತೆಗೆದುಕೊಂಡು, ಸ್ಯಾಂಡ್‌ವಿಚ್ ಬಂದ್ ಎಂದು ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು.

ಪುಣೆಯ ಇನ್ನೊಂದು ತುದಿಯಲ್ಲಿದ್ದ ಕಾತ್ರಜದ ಮನೆಯಲ್ಲಿ ಹೆಂಡತಿ ಸಪ್ನಾ ಆ ಚೀಟಿಯನ್ನು ಎರಡು ಸಲ ಓದಿದಳು.

"ಹೊಟ್ಟಿ ತುಂಬಬೇಕು, ಹೊಟ್ಟಿ ಇಳೀಲೂಬೇಕು. ಇಷ್ಟ ಹೌದಿಲ್ರಿ? ನನಗ ಬಿಡ್ರಿ."

ಸೋಮವಾರ ದಪ್ಪ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಪುಟಾಣಿ ಚಟ್ನಿ ತುಂಬಿ ಕಟ್ಟಿಕೊಟ್ಟಳು. ಕ್ಯಾಂಟೀನಿನಲ್ಲಿ ಅದನ್ನು ಕಚ್ಚಿದ ಕೂಡಲೇ ಇನ್ನೊಂದು ತುದಿಯಿಂದ ಚಟ್ನಿ ಜಾರಿ ಧರ್ಮರಾಜನ ಜೇಬಿನೊಳಗೆ ಇಳಿಯಿತು. ಮಂಗಳವಾರ ಕೋಸಿನ ಎಲೆಯಲ್ಲಿ ಮೊಳಕೆ ಕಾಳು ಸುತ್ತಿದ ಸುರುಳಿ. ಅದನ್ನು ಅಗಿಯುವ ಸದ್ದಿಗೆ ಪಕ್ಕದ ಮೇಜಿನವರು ಊಟ ನಿಲ್ಲಿಸಿ ತಿರುಗಿ ನೋಡಿದರು. ಬುಧವಾರ ಜೋಳದ ಅಂಬಲಿ. ಸಪ್ನಾ ಅದನ್ನು ಫ್ಲಾಸ್ಕಿನಲ್ಲಿ ಹಾಕಿ, ಚೆಲ್ಲಬಾರದೆಂದು ಬಿಗಿಯಾಗಿ ಬಿರಡೆ ಜಡಿದಿದ್ದಳು. ಹುಳಿ ಬಂದಿದ್ದ ಅಂಬಲಿ ಕಂಪನಿಯ ಬಸ್ಸಿನಲ್ಲಿ ಒಂದೂವರೆ ತಾಸು ಕುಲುಕಾಡಿತು. ಮಧ್ಯಾಹ್ನ ಧರ್ಮರಾಜ ಬಿರಡೆಗೆ ಕೈ ಹಚ್ಚಿದ್ದಷ್ಟೇ, ಅದು ಢಬ್ ಎಂದು ಹಾರಿ ಮ್ಯಾನೇಜರರ ಬೇಳೆಯ ಬಟ್ಟಲಲ್ಲಿ ಬಿತ್ತು. ಹಿಂದೆಯೇ ಅಂಬಲಿಯೂ ಹೊರಟಿತು. ಮ್ಯಾನೇಜರು ಕನ್ನಡಕ ಒರೆಸಿಕೊಂಡು, ಇನ್ನು ಮೇಲೆ ಬಿರಾದಾರರು ಡಬ್ಬಿಯನ್ನು ಕ್ಯಾಂಟೀನಿನೊಳಗೆ ತರಬಾರದು ಎಂದು ಶಾಂತವಾಗಿ ಹೇಳಿದರು.

ಹೀಗಾಗಿ ಗುರುವಾರ ಧರ್ಮರಾಜ ಡಬ್ಬಿ ಹಿಡಿದು ಗೇಟಿನ ಹೊರಗೆ ಬಂದ. ಅಲ್ಲಿ ಬಾಳುವಿನ ಕಾವಲಿಯ ಮೇಲೆ ಬೆಣ್ಣೆ ಚುರುಗುಡುತ್ತಿತ್ತು.

"ದೋನ ಕಾ ತೀನ, ಸಾಹೇಬ?" ಎರಡೋ ಮೂರೋ ಎಂದು ಮರಾಠಿಯಲ್ಲಿ ಕೇಳಿದ ಬಾಳು.

ಧರ್ಮರಾಜನ ಬಾಯಿ ತಾನಾಗಿಯೇ "ತೀನ" ಎಂದಿತು. ಉಳಿದದ್ದು ಡಬ್ಬಿಯ ಸಮಸ್ಯೆ. ಗೇಟಿನ ಕಾವಲುಗಾರ ಭೀಮಣ್ಣ ಯಾದಗಿರಿ ಕಡೆಯವನು, ಕನ್ನಡದವನು, ಆಳೂ ಗಟ್ಟಿಮುಟ್ಟಾಗಿದ್ದ. ಧರ್ಮರಾಜ ಡಬ್ಬಿಯನ್ನು ಅವನ ಕೈಗಿಟ್ಟ.

"ಭೀಮಣ್ಣ, ನಮ್ಮ ಮನಿಯಾಕಿ ಭಾಳ ಪ್ರೀತಿಲೆ ಮಾಡ್ಯಾಳ. ಚೆಲ್ಲಬಾರದು. ನೀ ತಿಂದುಬಿಡು."

ಸಾಹೇಬರು ಪ್ರೀತಿಯಿಂದ ಕೊಟ್ಟಮೇಲೆ ಬೇಡ ಅನ್ನುವುದು ಹೇಗೆ? ಭೀಮಣ್ಣ ತನ್ನ ಬುತ್ತಿಯ ರೊಟ್ಟಿಯನ್ನು ಲಾರಿ ಡ್ರೈವರುಗಳಿಗೆ ಹಂಚಿ, ಧರ್ಮರಾಜನ ಡಬ್ಬಿ ತಿಂದ. ಹೀಗೆ ಆರು ವಾರ ನಡೆಯಿತು. ಮನೆಯಲ್ಲಿ ಸಪ್ನಾ ಪ್ರತಿ ಭಾನುವಾರ ಗಂಡನ ಸೊಂಟಕ್ಕೆ ಟೇಪು ಹಿಡಿಯುತ್ತಿದ್ದಳು. ಸೊಂಟ ಒಂದು ಇಂಚು ಹೆಚ್ಚಾಗಿತ್ತು. ಟೇಪೇ ಕುಗ್ಗಿದೆಯೆಂದು ತಿಳಿದು ಅವಳು ಹೊಸದನ್ನು ತಂದಳು. ಅದರಲ್ಲಿ ಒಂದೂವರೆ ಇಂಚು ಹೆಚ್ಚಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಪರಿಚಯವಿಲ್ಲದ ಹೆಂಗಸು ನಿಂತಿದ್ದಳು. ಭೀಮಣ್ಣನ ಹೆಂಡತಿ ತಿಪ್ಪವ್ವ. ತಂಗಿಯನ್ನು ಕಾತ್ರಜದಲ್ಲಿ ನಿಪ್ಪಾಣಿಯ ಬಸ್ಸು ಹತ್ತಿಸಿ, ವಿಳಾಸ ಕೇಳುತ್ತಾ ಬಂದಿದ್ದಳು. ಧರ್ಮರಾಜ ಒಳಗೆ ನಿದ್ದೆಯಲ್ಲಿದ್ದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದಳು ತಿಪ್ಪವ್ವ. "ನನ್ನ ಗಂಡಗ ಏನ್ ತಿನ್ನಸಾಕತ್ತೀರಿ? ಎಮ್ಮಿ ಹಂಗಿದ್ದ ಮನಷ್ಯಾ ಒಣಗಿ ಹೋಗ್ಯಾನ. ನಿನ್ನಿ ದೊಡ್ಡ ಸಾಹೇಬ್ರಿಗೆ ಸಲಾಂ ಹೊಡೀಲಿಕ್ಕೆ ಕೈ ಎತ್ತಿದ್ರ, ಪ್ಯಾಂಟ್ ಇಳದ ಹೋತಂತ."

ಸಪ್ನಾಗೆ ಮೊದಲು ತಲೆಬುಡ ತಿಳಿಯಲಿಲ್ಲ. ಡಬ್ಬಿ ಭೀಮಣ್ಣನಿಗೂ ಬಾಳುವಿನ ಸ್ಯಾಂಡ್‌ವಿಚ್ ಗಂಡನಿಗೂ ಹೋಗುತ್ತಿದ್ದದ್ದು ತಿಳಿದಾಗ ಒಳಗಿನ ಗೊರಕೆಯತ್ತ ಒಮ್ಮೆ ನೋಡಿದಳು. ಎಬ್ಬಿಸಿ ಬೈಯಬೇಕೆನಿಸಿತು. ಆದರೆ ಅಡುಗೆ ಮಾಡುವವಳನ್ನು ಆರು ವಾರದಿಂದ ಕಾಡುತ್ತಿದ್ದ ಪ್ರಶ್ನೆ ಅದಕ್ಕಿಂತ ಮುಂದೆ ಬಂತು.

"ಅದಿರಲಿ. ನಿಮ್ಮನಿಯವರಿಗೆ ಯಾವದು ಸೇರಿತ್ರಿ?"

ತಿಪ್ಪವ್ವ ಚಾ ಕುಡಿಯುತ್ತಾ ನೆನಪು ಮಾಡಿಕೊಂಡಳು. "ಕೋಸಿನ ಎಲಿ ಆಡಿಗೆ ಹಾಕಿದ್ರಂತ, ಅದೂ ಮೂಸಿ ಬಿಡ್ತಂತ. ಹೆಸರಬ್ಯಾಳಿ ದ್ವಾಸಿ ಸುತ್ತಿ ಕೊಟ್ಟಿದ್ರಲ್ಲ, ಅದು ಭಾಳ ಚಲೋ ಇತ್ತಂದ್ರು. ಆದ್ರ ನಾಕಕ್ಕ ಮತ್ತ ಹಸಿವಂತ. ಅದರಾಗ ಮುಷ್ಟಿ ಕುದಿಸಿದ ಕಡ್ಲಿ ಹಾಕ್ರಿ. ಗಜ್ಜರಿ ಹೆರದು, ಬಳ್ಳೊಳ್ಳಿ ಚಟ್ನಿ ಸವರ್ರಿ. ಎಣ್ಣಿ ಕಮ್ಮಿ ಇದ್ರೂ ರುಚಿ ಹತ್ತತದ."

ಇಬ್ಬರೂ ಒಲೆಯ ಮುಂದೆ ನಿಂತರು. ಮೂರನೆಯ ದೋಸೆಗೆ ಹದ ಸಿಕ್ಕಿತು. ಅದನ್ನು ಇಬ್ಬರೂ ಹಂಚಿಕೊಂಡು ತಿಂದರು. ಧರ್ಮರಾಜ ಎದ್ದು ಬಂದಾಗ ಘಮವಿತ್ತು, ತಿಪ್ಪವ್ವ ಇದ್ದಳು, ದೋಸೆ ಇರಲಿಲ್ಲ. ಅವಳು ಯಾರೆಂದು ತಿಳಿದ ಮೇಲೆ ಅವನು ಮತ್ತೆ ಮಲಗಲು ಹೊರಟ.

ಸೋಮವಾರ ಬೆಳಿಗ್ಗೆ ಸಪ್ನಾ ಒಂದೇ ಡಬ್ಬಿ ಕೈಗಿಟ್ಟಳು.

"ಇದು ಭೀಮಣ್ಣಗ."

"ಮತ್ತ ನನಗ?"

"ನಿಮಗ ಬಾಳು ಅದಾನಲ್ರಿ."

ಬಸ್ಸಿನಲ್ಲಿ ಡಬ್ಬಿ ಧರ್ಮರಾಜನ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಮುಚ್ಚಳದ ಸಂದಿನಿಂದ ಬೆಳ್ಳುಳ್ಳಿ, ಜೀರಿಗೆಯ ಘಮ ಬರುತ್ತಿತ್ತು. ಸ್ವಾರಗೇಟಿನವರೆಗೆ ಅವನು ಕಿಟಕಿಯ ಹೊರಗೆ ನೋಡಿದ. ಶಿವಾಜಿನಗರದಲ್ಲಿ ಬರೀ ಮೂಸಿ ನೋಡಲೆಂದು ಮುಚ್ಚಳ ತೆರೆದ. ಭೋಸರಿ ದಾಟುವಾಗ ಡಬ್ಬಿ ಖಾಲಿಯಾಗಿತ್ತು.

ಗೇಟಿನಲ್ಲಿ ಭೀಮಣ್ಣ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಕಾಯುತ್ತಿದ್ದ. ತಿಪ್ಪವ್ವ ಎಲ್ಲವನ್ನೂ ಹೇಳಿಯೇ ಕಳಿಸಿದ್ದಳು.

"ನನ್ನ ಡಬ್ಬಿ, ಸಾಹೇಬ್ರ?"

ಧರ್ಮರಾಜ ಕೊಟ್ಟ. ಭೀಮಣ್ಣ ತೆಗೆದು ನೋಡಿದ, ಅಲುಗಾಡಿಸಿದ, ಬೋರಲು ಹಾಕಿದ. ಒಂದು ಕಡಲೆ ಉರುಳಿ ಬಿತ್ತು.

"ಭೀಮಣ್ಣ, ಒಳಗ ಬಿಡಪಾ, ಹೊತ್ತಾತು."

"ಬಿಡಾಂಗಿಲ್ರಿ. ಗೇಟಿನ ತನಕ ಬರೋ ಮಾಲು ಕಮ್ಮಿ ಬಿದ್ರ ತಡೀಬೇಕಂತ ನೀವಽ ಹೇಳೀರಿ."

ಹಿಂದೆ ಇಡೀ ಪಾಳಿಯೇ ಸಾಲುಗಟ್ಟಿ ನಿಂತು ನಗುತ್ತಿತ್ತು. ಧರ್ಮರಾಜನಿಗೆ ನಾಚಿಕೆಯಾಯಿತು, ಆಮೇಲೆ ನಗುವೂ ಬಂತು. ನಾಳೆಯಿಂದ ಎರಡು ಡಬ್ಬಿ ತರುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟ ಮೇಲೆಯೇ ಗೇಟು ಸರಿಯಿತು. ಮಧ್ಯಾಹ್ನ ಭೀಮಣ್ಣನಿಗೆ ಬಾಳುವಿನ ಮೂರು ಸ್ಯಾಂಡ್‌ವಿಚ್ ಕೊಡಿಸಿ, ಪಕ್ಕದಲ್ಲಿ ನೀರು ಕುಡಿಯುತ್ತಾ ನಿಂತ. ಆಶ್ಚರ್ಯವೆಂದರೆ ಅವನಿಗೆ ಅಷ್ಟೇನೂ ಹಸಿವಾಗಿರಲಿಲ್ಲ.

ಮರುದಿನದಿಂದ ಇಬ್ಬರೂ ಕಾವಲು ಕೋಣೆಯಲ್ಲಿ ಕೂತು ಉಣ್ಣತೊಡಗಿದರು. ಧರ್ಮರಾಜನ ಡಬ್ಬಿಯಲ್ಲಿ ಎರಡು ಸುರುಳಿ, ಭೀಮಣ್ಣನದರಲ್ಲಿ ನಾಲ್ಕು, ಮೇಲೆ ತಿಪ್ಪವ್ವನ ಎರಡು ರೊಟ್ಟಿ. ಮಳೆಗಾಲ ಮುಗಿಯುವ ಹೊತ್ತಿಗೆ ಧರ್ಮರಾಜ ಐದು ಕಿಲೋ ಇಳಿದ, ಭೀಮಣ್ಣ ಮೂರು ಕಿಲೋ ಏರಿದ. ಗಿರಾಕಿ ಕೈತಪ್ಪಿದ್ದಕ್ಕೆ ಬಾಳು ಮೊದಮೊದಲು ಮುಖ ತಿರುಗಿಸಿ ನಿಲ್ಲುತ್ತಿದ್ದ. ಒಂದು ದಿನ ಕಿಟಕಿಯಿಂದ ಕೈ ಚಾಚಿ ಒಂದು ಸುರುಳಿ ಇಸಿದುಕೊಂಡ. ಕಣ್ಣು ಮುಚ್ಚಿ ತಿಂದ, ತಲೆದೂಗಿದ. ಚೆನ್ನಾಗಿದೆ, ಇದರ ಮೇಲೆ ಒಂಚೂರು ಬೆಣ್ಣೆ ಬಿದ್ದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಮರಾಠಿಯಲ್ಲಿ ಹೇಳಿದ.

ಭೀಮಣ್ಣ ಎದ್ದು ಕಿಟಕಿ ಮುಚ್ಚಿದ.