ಬಯಲು ಸದ್ದು

ಬೊಮ್ಮಕ್ಕ ಗಂಡನ ತಲೆಗೆ ರುಮಾಲು ಸುತ್ತುತ್ತಿದ್ದಳು. ಪಕ್ಕದ ಮನೆಯ ನಾಗರತ್ನ ಆ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

ಯರ್ರಿಸ್ವಾಮಿ ಜಗಳೂರಿನಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿದವನು. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಬಂದವರೆಲ್ಲ ಅವನ ಕೈಗುಣ ಹೊಗಳಿದರು. ಆಮೇಲೆ ದನಿ ತಗ್ಗಿಸಿ ಅವನು ದಿನವೂ ಹಾಕುತ್ತಿದ್ದ ಆ ಕ್ಯಾಸೆಟ್ಟಿನ ಮಾತೆತ್ತಿದರು.

"ಅದೂ ಒಂದು ಹಾಡೇನಕ್ಕಾ?" ಎಂದಳು ನಾಗರತ್ನ. "ತಗಡು ಎಳೆದಂಗೆ, ಬಾವ್ಯಾಗೆ ಕೊಡ ಬಿದ್ದಂಗೆ. ದಿನಾ ಅದನ್ನೇ ಕೇಳಾಕೆ ಅಣ್ಣಗೆ ಹೆಂಗೆ ಮನಸ್ಸು ಬರ್ತಿತ್ತೋ!"

ಬೊಮ್ಮಕ್ಕ ರುಮಾಲಿನ ತುದಿ ಸಿಕ್ಕಿಸಿದಳು. ಹೋದ ವರ್ಷದವರೆಗೂ ಅವಳೂ ಹೀಗೇ ಅನ್ನುತ್ತಿದ್ದವಳು.

*

ಆ ಕ್ಯಾಸೆಟ್ಟು ಯಾರೋ ಗಿರಾಕಿ ಅಂಗಡಿಯಲ್ಲಿ ಮರೆತು ಹೋದದ್ದು. ಹೋದ ವರ್ಷ, ಅದರಲ್ಲಿ ನುಡಿಸಿದ್ದ 'ಬಯಲು ಸದ್ದು' ಎಂಬ ನಾಲ್ವರ ತಂಡ ದಾವಣಗೆರೆಗೆ ಬರುತ್ತದೆಂದು ಗೊತ್ತಾದ ದಿನ ಯರ್ರಿಸ್ವಾಮಿಗೆ ಊಟ ಸೇರಲಿಲ್ಲ.

"ಇವರನ್ನ ಕೇಳಾಕೆ ಹತ್ತಿ ಇಪ್ಪತ್ತಾರು ವರ್ಷ ಆತು ಬೊಮ್ಮಿ, ಒಂದಿನ ಅವರ ಮುಖ ನೋಡಿಲ್ಲ. ನೀನೂ ಬಾ."

ಅವನು ಅಷ್ಟು ಜನರ ನಡುವೆ ಒಬ್ಬನೇ ಪೆಚ್ಚಾಗಿ ಕೂರಬಾರದೆಂದು ಅವಳು ಹೊರಟಳು.

ವೇದಿಕೆಯ ಮೇಲೆ ತಂಬೂರಿ ಇಲ್ಲ, ತಬಲಾ ಇಲ್ಲ. ಒಂದು ಕಬ್ಬಿಣದ ಹಾಳೆ, ನೀರು ತುಂಬಿದ ಹಂಡೆ, ಈ ಗೋಡೆಯಿಂದ ಆ ಗೋಡೆಗೆ ಬಿಗಿದ ತಂತಿ. ನರೆತ ತಲೆಯ ನಾಲ್ವರು. ಅವರಲ್ಲೊಬ್ಬಳು ತಂತಿಯನ್ನು ಮೆಲ್ಲಗೆ ತೀಡಿದಳು. ಮೊದಲು ಏನೂ ಕೇಳಿಸಲಿಲ್ಲ. ಕುರ್ಚಿಯ ಹಿಡಿ, ಕೈಬಳೆ, ಪಕ್ಕೆಲುಬು ಸಣ್ಣಗೆ ನಡುಗತೊಡಗಿದವು. ಸದ್ದು ಬೊಮ್ಮಕ್ಕನ ಕಿವಿಗಿಂತ ಮೊದಲು ಮೈಗೆ ಬಂದಿತ್ತು. ಕಬ್ಬಿಣ ನೀರಿನಲ್ಲಿ ಮುಳುಗಿ ಎದ್ದಾಗ ಭೂಮಿಯೇ ಆಕಳಿಸಿದಂತಾಯಿತು. ಅವಳು ತಿರುಗಿ ನೋಡಿದಳು. ಯರ್ರಿಸ್ವಾಮಿ ಬಾಯಿ ತೆರೆದು, ಉಸಿರು ಮರೆತು ಕೂತಿದ್ದ. ಕಣ್ಣೀರು ಇಳಿಯುತ್ತಿದ್ದುದೂ ಅವನಿಗೆ ತಿಳಿದಿರಲಿಲ್ಲ. ಈ ಮನುಷ್ಯನನ್ನು ತಾನು ಈಗಷ್ಟೇ ನೋಡುತ್ತಿದ್ದೇನೆ ಅನ್ನಿಸಿತು ಅವಳಿಗೆ.

ಜಗಳೂರಿನಲ್ಲಿ ಬಸ್ಸು ಇಳಿದ ಮೇಲೆ ಅವನು ಅಂಜುತ್ತ ಕೇಳಿದ: "ಹೆಂಗಿತ್ತು?"

"ನೀವು ಹೊಸಾ ತಂತಿ ಸುತ್ತಿ, ಮೋಟಾರು ಶುರು ಆಗ್ತೈತೋ ಇಲ್ಲೋ ಅಂತ ಕಿವಿ ಕೊಟ್ಟು ನಿಂತ್ಕಂತೀರಲ್ಲ, ನಂಗೆ ಹಂಗಾತು."

ನಡುರಸ್ತೆಯಲ್ಲೇ ಅವನು ಅವಳ ಕೈ ಹಿಡಿದುಕೊಂಡ.

*

ಚಟ್ಟ ಎತ್ತುವ ಹೊತ್ತಿಗೆ ತಮಟೆಯ ದುರುಗಪ್ಪ ಮುಂದೆ ಬಂದ. "ಹೆಂಗೆ ಬಾರಿಸ್ಲಿ ಅಕ್ಕಾ?"

"ತಾಳ ಬ್ಯಾಡ ದುರುಗಪ್ಪಣ್ಣಾ. ನಮ್ಮ ಮನೆಯವರನ್ನ ನೆನೆಸ್ಕಂಡ್ರೆ ನಿಂಗೆ ಏನು ಕೇಳ್ತೈತೋ ಅದನ್ನೇ ಬಾರ್ಸು."

"ಜನ ಏನಂತಾರೆ ಅತ್ತಿಗೆ?" ಎಂದ ಮೈದುನ ಕೆಂಚೇಶ್. ಅವಳು ಬಾರಿಸೆಂದು ದುರುಗಪ್ಪನಿಗೆ ತಲೆಯಾಡಿಸಿದಳು.

ದುರುಗಪ್ಪ ಕಣ್ಣು ಮುಚ್ಚಿದ. ಕೋಲನ್ನು ಸೊಂಟಕ್ಕೆ ಸಿಕ್ಕಿಸಿ, ಚರ್ಮದ ಮೇಲೆ ಬರಿ ಅಂಗೈ ಇಟ್ಟು ಉಜ್ಜಿದ. ಉಸಿರಿನಂಥದ್ದೊಂದು ಹೊರಟಿತು. ಒಂದೇ ಬೆರಳಿನ ಪೆಟ್ಟು. ಮತ್ತೆ ಮೌನ. ಕುಣಿಯಲು ಪಂಚೆ ಎತ್ತಿ ಕಟ್ಟಿದ್ದವರು ದಿಕ್ಕು ತೋಚದೆ ನಿಂತರು. ಆಮೇಲೆ ತಂತಮ್ಮ ಹೆಜ್ಜೆಯಲ್ಲಿ ಚಟ್ಟದ ಹಿಂದೆ ನಡೆದರು.

ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಹಾರ್ನ್ ಹೊಡೆಯಲು ಕೈ ಎತ್ತಿದ್ದ ಬಸ್ ಡ್ರೈವರ್ ಇಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿ ಈ ಕಡೆ ವಾಲಿಸಿದ.